ಅಡ್ಡಹೆಸರಿನವರನ್ನು ಓಡಿಸಿ ಗ್ರೂಪು ಉದ್ಧಾರ ಮಾಡ್ತೀರಾ?

ನಮ್ಮ ಉತ್ತರ ಕನ್ನಡದ ಕಡೆಯ ಒಂದು ದೊಡ್ಡ ಟೆಲಿಗ್ರಾಂ ಗ್ರೂಪಿನಲ್ಲಿ ಇವತ್ತು ಬೆಳಿಗ್ಗೆ ಬಂದ ನೋಟಿಸು ಓದಿದಾಗಿನಿಂದ ತಲೆ ಬಿಸಿಯಾಗಿದೆ. ಗ್ರೂಪಿನ ಹೆಸರು ಹೇಳುವುದಿಲ್ಲ, ಅಲ್ಲಿರುವವರಿಗೆ ಗೊತ್ತಾಗುತ್ತದೆ. ಅಡಿಕೆ ರೇಟು, ಘಟ್ಟದ ರಸ್ತೆ, ಕರೆಂಟು ಹೋಗಿದ್ದು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆಮದ್ದು, ಎಲ್ಲಿ ಯಕ್ಷಗಾನದ ಆಟ ಇದೆ ಅನ್ನುವುದು, ಎಲ್ಲವೂ ಬರುವ ಜಾಗ ಅದು. ನೋಟಿಸಿನ ಸಾರ ಇಷ್ಟು: ಭಾನುವಾರದೊಳಗೆ ಎಲ್ಲರೂ ನಿಜವಾದ ಹೆಸರು, ಮುಖ ಕಾಣುವ ಫೋಟೋ, ಊರು ಹಾಕಿಕೊಳ್ಳಬೇಕು. ಗೂಗಲ್ ಫಾರ್ಮಿನಲ್ಲಿ ಆಧಾರ್ ಫೋಟೋ ಕೊಡಬೇಕು. ಅಡ್ಡಹೆಸರಿನ ಖಾತೆಗಳನ್ನು ತೆಗೆಯುತ್ತಾರೆ. ತಮಾಷೆ, ಸ್ಟಿಕ್ಕರು ಪೂರ್ತಿ ಬಂದ್. ಕೆಳಗೆ ಸಾಲುಸಾಲು ಹೆಬ್ಬೆರಳು, ‘ಒಳ್ಳೆ ನಿರ್ಧಾರ ಸರ್’.

ಒಳ್ಳೆಯ ನಿರ್ಧಾರ ಅಲ್ಲ ಇದು. ಅದೂ ಆ ನೋಟಿಸು ಬಂದಿದ್ದು ಯಾರ ಹೆಸರಲ್ಲಿ? ಗ್ರೂಪಿನದೇ ಹೆಸರಲ್ಲಿ. ಟೆಲಿಗ್ರಾಂನಲ್ಲಿ ಅಡ್ಮಿನ್ ಹಕ್ಕುಗಳ ಪಟ್ಟಿಯಲ್ಲಿ ‘ರಿಮೇನ್ ಅನಾನಿಮಸ್’ ಅಂತ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿಕೊಂಡ ಅಡ್ಮಿನ್ ಏನೇ ಬರೆದರೂ ಗ್ರೂಪೇ ಮಾತಾಡಿದ ಹಾಗೆ ಕಾಣುತ್ತದೆ. ತಾನು ಹೆಸರು ಮುಚ್ಚಿಕೊಂಡು ಉಳಿದವರ ಆಧಾರ್ ಕೇಳುವುದು ಯಾವ ನ್ಯಾಯ?

ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದಾರೆ. ಒಬ್ಬ ಇವತ್ತು ಒಂದು ಖಾತೆ ತೆರೆದು, ಬೈದು, ಅಳಿಸಿ, ನಾಳೆ ಇನ್ನೊಂದು ಖಾತೆಯಲ್ಲಿ ಬರುತ್ತಾನೆ. ಅವನಿಗೆ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ಇನ್ನೊಬ್ಬರು ವರ್ಷಗಟ್ಟಲೆ ಒಂದೇ ಅಡ್ಡಹೆಸರಿನಲ್ಲಿ ಬರೆಯುತ್ತಾರೆ. ‘ಅಪ್ಪೆಮಿಡಿ’ ಅಂತಲೋ ‘ತೊಡದೇವು’ ಅಂತಲೋ ಇಟ್ಟುಕೊಳ್ಳಿ. ಅವರ ಸಿಟ್ಟು, ಅವರ ನಗೆ, ಅವರು ಯಾವುದರಲ್ಲಿ ಪಕ್ಕಾ, ಯಾವುದರಲ್ಲಿ ಸ್ವಲ್ಪ ಹೆಚ್ಚು ಹೇಳುತ್ತಾರೆ ಅನ್ನುವುದು ಓದುವವರಿಗೆಲ್ಲ ಗೊತ್ತು. ಆ ಅಡ್ಡಹೆಸರೇ ಅವರ ಮರ್ಯಾದೆ. ಒಂದು ಸುಳ್ಳು ಹೇಳಿದರೆ ವರ್ಷಗಳ ಗಳಿಕೆ ಹೋಗುತ್ತದೆ ಅನ್ನುವ ಭಯ ಅವರಿಗೂ ಇರುತ್ತದೆ. ಮೊದಲನೆಯವನನ್ನು ಹಿಡಿಯಲು ಹೋಗಿ ಈ ನೋಟಿಸು ಓಡಿಸುವುದು ಎರಡನೆಯವರನ್ನು.

ಹೆಸರೇ ಇಲ್ಲದ ಜಾಗದಲ್ಲೂ ಜನ ಈ ನಂಬಿಕೆಗೆ ದಾರಿ ಹುಡುಕಿಕೊಂಡರು. ಜಪಾನಿನಲ್ಲಿ 1999ರಲ್ಲಿ ಶುರುವಾದ ‘2ಚಾನೆಲ್’ ಅನ್ನುವ ಚರ್ಚೆಯ ತಾಣದಲ್ಲಿ ಯಾರಿಗೂ ಹೆಸರು ಬೇಕಿರಲಿಲ್ಲ, ಬಹುಪಾಲು ಎಲ್ಲರೂ ಅನಾಮಿಕರು. ಆದರೂ ಅಲ್ಲಿ ‘ಟ್ರಿಪ್‌ಕೋಡ್’ ಅನ್ನುವ ಪದ್ಧತಿ ಬಂತು. ಹೆಸರಿನ ಪಕ್ಕ ಒಂದು # ಹಾಕಿ ಗುಟ್ಟಿನ ಪದ ಬರೆದರೆ, ಆ ಪದ ಯಾರಿಗೂ ಕಾಣದೆ ಅದರಿಂದ ಹುಟ್ಟಿದ ಅಕ್ಷರಗಳ ಸರ ಮಾತ್ರ ಕಾಣುತ್ತದೆ. ಗುಟ್ಟಿನ ಪದ ಗೊತ್ತಿಲ್ಲದೆ ಇನ್ನೊಬ್ಬರು ಆ ಸರ ಹುಟ್ಟಿಸುವುದು ಸುಲಭವಲ್ಲ. ಅಂದರೆ ಯಾರು ಅನ್ನುವುದು ಗೊತ್ತಾಗದಿದ್ದರೂ ನಿನ್ನೆಯವರೇ ಇವರು ಅನ್ನುವುದು ಗೊತ್ತಾಗುತ್ತದೆ. ಗ್ರೂಪಿಗೆ ಬೇಕಾಗಿರುವುದೂ ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ಮಳೆಗಾಲಕ್ಕೆ ಮುಂಚೆ ಕೊಳೆಮದ್ದಿನ ಪ್ರಶ್ನೆ ಬಂದೇ ಬರುತ್ತದೆ. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು, ಇದು ಎಲ್ಲರ ಬಾಯಲ್ಲೂ ಇದೆ. ತಪ್ಪಾಗುವುದು ಆಮೇಲೆ. ಮೈಲುತುತ್ತನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸುತ್ತಾರೆ, ತಾಮ್ರ ಕಬ್ಬಿಣಕ್ಕೆ ಹಿಡಿದು ಮದ್ದಿನ ಶಕ್ತಿ ಹೋಗುತ್ತದೆ. ಪ್ಲಾಸ್ಟಿಕ್ ಡ್ರಮ್ಮು ಬೇಕು. 50 ಲೀಟರಿನಲ್ಲಿ ಮೈಲುತುತ್ತು, ಇನ್ನೊಂದು 50 ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕೊನೆಗೆ ಉಜ್ಜಿದ ಚಾಕು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ತಾಮ್ರ ಹೆಚ್ಚಾಗಿದೆ ಅಂತ ಲೆಕ್ಕ, ಕೆಂಪು ಹಿಡಿಯುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ಇಷ್ಟನ್ನು ಬರೆದು, ಕೊನೆಗೆ ‘ಚಾಕು ಕೆಂಪಾದ್ರೂ ಹೊಡದ್ರೆ ಕೊಳೆ ಬಪ್ಪಲ್ಲಿವರೆಗೆ ಕಾಯೋದೇ ಬ್ಯಾಡ, ಮದ್ದೇ ಕಾಯಿ ಉದುರಸ್ತು’ ಅಂತ ಒಂದು ಸಾಲು ಸೇರಿಸಿದವರ ಹೆಸರು ‘ಅಪ್ಪೆಮಿಡಿ’ ಆದರೆ ಪ್ರಮಾಣ ಬದಲಾಗುತ್ತದೆಯೇ? ಆಧಾರ್ ಕೊಟ್ಟವರು ತಪ್ಪು ಹೇಳಿದರೆ ಕಾಯಿ ಉಳಿಯುತ್ತದೆಯೇ? ಸೂಚನೆ ಮರೆತವರಿಗೂ ಆ ಕೊನೆಯ ಸಾಲು ನೆನಪಿರುತ್ತದೆ. ನಗೆ ಮಾಡುವ ಕೆಲಸ ಅದು. ಈಗ ಅದಕ್ಕೇ ನಿಷೇಧ.

ನಗೆಯಿಂದ ತೊಂದರೆ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬರಹದಲ್ಲಿ ದನಿ ಇಲ್ಲ, ಕಣ್ಣು ಮಿಟುಕಿಸಿದ್ದು ಕಾಣುವುದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1982ರಲ್ಲೇ ಈ ಫಜೀತಿ ಆಗಿತ್ತು. ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ಕಂಪ್ಯೂಟರ್ ಫಲಕದಲ್ಲಿ ಹಾಕಿದ ತಮಾಷೆಯನ್ನು ಕೆಲವರು ನಿಜ ಅಂದುಕೊಂಡರು. ಸ್ಕಾಟ್ ಫಾಲ್‌ಮನ್ ಅನ್ನುವವರು ಆ ವರ್ಷ ಸೆಪ್ಟೆಂಬರ್ 19ರಂದು, ತಮಾಷೆಗೆ :-) ಗುರುತು ಹಾಕೋಣ ಅಂತ ಸೂಚಿಸಿದರು. ಅಲ್ಲಿ ಯಾರೂ ತಮಾಷೆ ಬಂದ್ ಮಾಡಲಿಲ್ಲ, ಗುರುತು ಕೊಟ್ಟರು.

ನಮ್ಮಲ್ಲಿ ನಿಜವಾದ ಅಪಾಯ ಇರುವುದು ಫಾರ್ವರ್ಡಿನಲ್ಲಿ. ಗ್ರೂಪಿನೊಳಗೆ ಒಂದು ಮಾತಿಗೆ ಅದನ್ನು ಆಡಿದವರ ಸ್ವಭಾವ ಅಂಟಿಕೊಂಡಿರುತ್ತದೆ. ‘ಇವರು ಹೀಗೇ ಹೇಳೋದು’ ಅಂತ ಎಲ್ಲರೂ ನಕ್ಕು ಮುಂದೆ ಹೋಗುತ್ತಾರೆ. ಅದೇ ಮಾತು ಆರು ವಾಟ್ಸಾಪ್ ದಾಟಿ ಕಾರವಾರ ಮುಟ್ಟಿದಾಗ ಸ್ವಭಾವ ಉದುರಿಹೋಗಿ ಬರೀ ವಾಕ್ಯ ಉಳಿಯುತ್ತದೆ. ‘ದೇವಿಮನೆ ಘಟ್ಟದಲ್ಲಿ ರಸ್ತೆ ಹುಡುಕಿಕೊಟ್ಟವರಿಗೆ ಒಂದು ಗೊನೆ ಬಾಳೆ’ ಅಂತ ಬರೆದರೆ ಅದು ಎಲ್ಲಿಗೆ ಹೋದರೂ ತಮಾಷೆಯೇ. ‘ನಾಳೆಯಿಂದ ದೇವಿಮನೆ ಘಟ್ಟ ಬಂದ್’ ಅಂತ ತಮಾಷೆಗೆ ಬರೆದರೆ ಶಿರಸಿಯಿಂದ ಕುಮಟೆಯ ಆಸ್ಪತ್ರೆಗೆ ಹೊರಟವರು ಯಾಣದ ಮೇಲೆ ಸುತ್ತು ಹಾಕುತ್ತಾರೆ. ಅಡ್ಮಿನ್‌ಗಳು ಇಡಬೇಕಾದ ಅಳತೆ ಇದು: ಒಂಟಿಯಾಗಿ ಓದಿದರೆ ಸುದ್ದಿಯಂತೆ ಕಾಣುವ ತಮಾಷೆ ತೆಗೆಯಿರಿ, ತಮಾಷೆಯಾಗಿಯೇ ಕಾಣುವುದನ್ನು ಬಿಡಿ. ರಸ್ತೆ, ಆಸ್ಪತ್ರೆ, ಸಾವು, ರಜೆ, ನೀರಿನ ಮಟ್ಟ, ಈ ಐದರಲ್ಲಿ ಸುಳ್ಳು ಸುದ್ದಿಯ ಆಕಾರದ ತಮಾಷೆ ಬೇಡವೇ ಬೇಡ.

2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ, ಅಂಥ ದಿನಗಳಲ್ಲಿ ನಗೆಗೆ ಜಾಗ ಇಲ್ಲ. ಅದಕ್ಕೆ ಕಾಯಂ ನಿಷೇಧ ಬೇಕಾಗಿಲ್ಲ. ಗ್ರೂಪಿನ ಪರ್ಮಿಷನ್ನಿನಲ್ಲಿ ಸ್ಟಿಕ್ಕರ್ ಮತ್ತು ಜಿಫ್ ಆಫ್ ಮಾಡಿ, ಒಬ್ಬರು ಒಂದು ಮೆಸೇಜು ಹಾಕಿದ ಮೇಲೆ ಇನ್ನೊಂದಕ್ಕೆ ಕಾಯುವಂತೆ ಮಾಡುವ ಸ್ಲೋ ಮೋಡ್ 5 ನಿಮಿಷಕ್ಕೆ ಇಡಿ, ಖಚಿತ ಸುದ್ದಿಯ ಒಂದೇ ಪೋಸ್ಟನ್ನು ಪಿನ್ ಮಾಡಿ ಅದನ್ನೇ ತಿದ್ದುತ್ತಾ ಹೋಗಿ. ಪರಿಸ್ಥಿತಿ ತಿಳಿಯಾದ ಮೇಲೆ ಎಲ್ಲ ಮೊದಲಿನಂತೆ ಬಿಡಿ.

ಅಂಕೋಲೆ ಕಡೆಯ ಸುಗ್ಗಿಯಲ್ಲಿ ಹಗರಣ ಕಟ್ಟುತ್ತಾರಲ್ಲ, ಬಣ್ಣ ಬಳಿದುಕೊಂಡು ಊರಿನ ಎಡವಟ್ಟುಗಳನ್ನೆಲ್ಲ ಬೀದಿಗೆ ತಂದು ನಗಿಸುತ್ತಾರಲ್ಲ, ವೇಷದೊಳಗೆ ಯಾರು ಅಂತ ಕೇರಿಯವರಿಗೆ ಅಂದಾಜು ಇದ್ದೇ ಇರುತ್ತದೆ. ಆದರೂ ಬಣ್ಣ ಒರೆಸಿ ಹೆಸರು ಹೇಳು ಅಂತ ಯಾರೂ ಕೇಳುವುದಿಲ್ಲ. ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ದೂತನಾಗಿ ಬಂದು ರಾಜನಿಗೇ ಮಾತು ಕೊಡುತ್ತಾನೆ. ಹದ ಮೀರುತ್ತಿದೆ ಅನ್ನಿಸಿದರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ಭಾಗವತರೂ ಹಾಸ್ಯಗಾರನನ್ನು ಮೇಳದಿಂದ ತೆಗೆಯುವ ನೋಟಿಸು ಅಂಟಿಸಿ ಆಟ ನಡೆಸಿಲ್ಲ. ವೇಷಕ್ಕೆ ಇಷ್ಟು ಗೌರವ ಕೊಡುವ ಜಿಲ್ಲೆ ನಮ್ಮದು, ನಮಗೆ ಅಡ್ಡಹೆಸರು ಕಂಡರೆ ಯಾಕೆ ಹೆದರಿಕೆ?

ನಿಜ ಹೆಸರು ಕಡ್ಡಾಯವಾದರೆ ಯಾರು ಹೋಗುತ್ತಾರೆ ಅಂತ ಒಮ್ಮೆ ಯೋಚಿಸಿ. ಬೈಯುವವನು ಹೋಗುವುದಿಲ್ಲ. ಎಷ್ಟೋ ಜನ ಸ್ವಂತ ಹೆಸರು, ಮದುವೆ ಫೋಟೋ ಇಟ್ಟುಕೊಂಡೇ ಹೊಲಸು ಬೈಯುತ್ತಾರೆ, ಫೇಸ್‌ಬುಕ್ಕಿನ ಯಾವ ಸುದ್ದಿಯ ಕೆಳಗಾದರೂ ನೋಡಿ. ಹೋಗುವವರು ಸರಕಾರಿ ನೌಕರರು, ಶಾಲೆ ಮೇಷ್ಟ್ರು, ಸೊಸೈಟಿಯಲ್ಲಿ ಕೆಲಸ ಮಾಡುವವರು. ರಸ್ತೆ ಕಾಮಗಾರಿಯ ಬಗ್ಗೆ, ತೂಕದ ಬಗ್ಗೆ ಒಳಗಿನ ಸತ್ಯ ಗೊತ್ತಿದ್ದು ಹೆಸರಿಟ್ಟು ಹೇಳಲಾಗದವರು. ಹೋಗುವವರು ಹೆಣ್ಣುಮಕ್ಕಳು. ಮುಖದ ಫೋಟೋ, ಊರು, ಹೆಸರು ಮೂರೂ ಒಂದೇ ಕಡೆ ಸಿಕ್ಕರೆ ಆ ರಾತ್ರಿಯೇ ‘ಹಾಯ್’ ಶುರುವಾಗುತ್ತದೆ ಅನ್ನುವುದು ಯಾವ ಹುಡುಗಿಯನ್ನು ಕೇಳಿದರೂ ಗೊತ್ತಾಗುತ್ತದೆ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ 2019ರ ಜೂನ್‌ನಲ್ಲಿ ಆನ್‌ಲೈನ್ ಅಭಿಯಾನ ಎದ್ದಿತಲ್ಲ, ಆಗ ಬರೆದವರ ಆಧಾರ್ ನೋಡಿ ಯಾರಾದರೂ ಜೊತೆಗೆ ದನಿ ಸೇರಿಸಿದ್ದಾ?

‘ಪ್ರಯೋಗ ಮಾಡಿ ನೋಡೋಣ’ ಅನ್ನುವವರಿಗೆ ಹೇಳುತ್ತೇನೆ, ಒಂದು ದೇಶವೇ ಪ್ರಯೋಗ ಮಾಡಿ ಮುಗಿಸಿದೆ. ದಕ್ಷಿಣ ಕೊರಿಯಾದಲ್ಲಿ 2007ರಿಂದ ದೊಡ್ಡ ಜಾಲತಾಣಗಳಲ್ಲಿ ಕಮೆಂಟು ಹಾಕಲು ಗುರುತು ದೃಢೀಕರಣ ಕಡ್ಡಾಯವಾಯಿತು. ತಾಣಗಳಲ್ಲೆಲ್ಲ ಜನರ ನಿಜವಾದ ವಿವರ ರಾಶಿ ಬಿತ್ತು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಹೊರಗೆ ಹೋಯಿತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು. ಗೂಗಲ್ ಕೂಡ ತನ್ನ ‘ಪ್ಲಸ್’ ತಾಣದಲ್ಲಿ ಇಂಥದೇ ಹಟ ಹಿಡಿದು 2014ರಲ್ಲಿ ಬಿಟ್ಟಿತು. ಅವರಿಂದಾಗದ್ದು ಗೂಗಲ್ ಫಾರ್ಮಿನಿಂದ ಆಗುತ್ತದೆಯೇ?

ಇನ್ನು ಬೆದರಿಕೆ, ದುಡ್ಡಿನ ಮೋಸದ ಮಾತು. ಅದು ಅಪರಾಧ. ಅದಕ್ಕೆ ಪೊಲೀಸರಿದ್ದಾರೆ, ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಪೋಸ್ಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್, ಬಳಕೆದಾರ ಹೆಸರು, ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಖಾತೆಯ ಹಿಂದಿನ ನಂಬರು ಹುಡುಕುವುದು ಅವರ ಕೆಲಸ, ಅಡ್ಮಿನ್ನರದ್ದಲ್ಲ.

ಅಡ್ಮಿನ್ನರು ಮಾಡಬಹುದಾದದ್ದು ಬೇರೆ ಬೇಕಾದಷ್ಟಿದೆ, ಅದೊಂದನ್ನೂ ಮಾಡಿಲ್ಲ ಅನ್ನುವುದೇ ನನ್ನ ಸಿಟ್ಟು. ಸೇರುವ ಲಿಂಕಿನಲ್ಲಿ ‘ಅಡ್ಮಿನ್ ಒಪ್ಪಿಗೆ’ ಆನ್ ಮಾಡಿ, ಬೈದು ಬಿಸಾಡುವ ಖಾತೆಗಳು ಅರ್ಧ ಅಲ್ಲೇ ನಿಲ್ಲುತ್ತವೆ. ಹೊಸಬರಿಗೆ ಮೊದಲ ವಾರ ಲಿಂಕು, ಫೋಟೋ ಹಾಕುವ ಹಕ್ಕು ಬೇಡ, ಬರೀ ಬರಹ ಇರಲಿ. ಅಡ್ಡಹೆಸರು ಯಾವುದಾದರೂ ಇಟ್ಟುಕೊಳ್ಳಿ, ಆದರೆ ಮೇಲಿಂದ ಮೇಲೆ ಬದಲಿಸುವ ಹಾಗಿಲ್ಲ, ಇನ್ನೊಬ್ಬರ ಹೆಸರು ಹೋಲುವ ಹಾಗಿಲ್ಲ, ಒಬ್ಬರಿಗೆ ಒಂದೇ ಖಾತೆ ಅಂತ ಬರೆದು ಹಾಕಿ. ತಮಾಷೆ ಗ್ರೂಪಿನಿಂದ ಹೊರಗೆ ಹರಿಯುತ್ತದೆ ಅನ್ನುವ ಭಯವಿದ್ದರೆ ಗ್ರೂಪ್ ಟೈಪಿನಲ್ಲಿ ‘ರಿಸ್ಟ್ರಿಕ್ಟ್ ಸೇವಿಂಗ್ ಕಂಟೆಂಟ್’ ಇದೆ, ಆನ್ ಮಾಡಿದರೆ ಫಾರ್ವರ್ಡ್ ಆಗುವುದಿಲ್ಲ. ಯಾರ ಪೋಸ್ಟ್ ಯಾಕೆ ತೆಗೆದಿರಿ ಅಂತ ಒಂದು ಸಾಲು ಎಲ್ಲಾದರೂ ಬರೆದಿಡಿ. ಅಡ್ಮಿನ್ನರು ಮಾಡಿದ್ದೆಲ್ಲ ದಾಖಲಾಗುವ ‘ರೀಸೆಂಟ್ ಆ್ಯಕ್ಷನ್ಸ್’ ಪಟ್ಟಿ 48 ಗಂಟೆ ಮಾತ್ರ ಉಳಿಯುತ್ತದೆ, ಆಮೇಲೆ ಜಗಳ ಬಂದಾಗ ಅಡ್ಮಿನ್ನರ ಹತ್ತಿರವೇ ಉತ್ತರ ಇರುವುದಿಲ್ಲ. ಮತ್ತೆ ರಾತ್ರಿ ಹತ್ತರ ಮೇಲೆ ಎದ್ದ ಜಗಳಕ್ಕೆ ಬೆಳಗಿನವರೆಗೆ ಸ್ಲೋ ಮೋಡ್ 1 ಗಂಟೆ ಇಡಿ. ಬೆಳಿಗ್ಗೆ ಮುಕ್ಕಾಲು ಪಾಲು ಜನ ಆ ಮಾತನ್ನೇ ಎತ್ತುವುದಿಲ್ಲ.

ನಿಮ್ಮಲ್ಲಿ ಯಾರೂ ದಯವಿಟ್ಟು ಆ ಫಾರ್ಮಿಗೆ ಆಧಾರ್ ಹಾಕಬೇಡಿ. ಬೇರೆ ಎಲ್ಲಾದರೂ ಕೊಡಲೇಬೇಕಾದಾಗಲೂ ಮೊದಲ 8 ಅಂಕೆ ಮುಚ್ಚಿರುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದೆಯೇ ಅಂತ ಕೇಳಿ. ಟೆಲಿಗ್ರಾಂನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಫೋನ್ ನಂಬರ್‌ಗೆ ಹೋಗಿ ‘ನೋಬಡಿ’ ಆಯ್ದುಕೊಳ್ಳಿ, ಅದರ ಕೆಳಗೆ ನಂಬರಿನಿಂದ ಯಾರು ಹುಡುಕಬಹುದು ಅನ್ನುವಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಮಾಡಿ.

ಅಡ್ಮಿನ್ನರಿಗೆ ಕೊನೆಯ ಮಾತು. ಈಗಾಗಲೇ ಕೆಲವರು ಆಧಾರ್ ಕೊಟ್ಟಾಗಿದೆ. ಅದನ್ನು ಇವತ್ತೇ ಅಳಿಸಿ. ಶೀಟು ಒಂದನ್ನೇ ಅಳಿಸಿದರೆ ಆಗುವುದಿಲ್ಲ, ಉತ್ತರಗಳು ಫಾರ್ಮಿನ ಒಳಗೆ ಬೇರೆ, ಜೋಡಿಸಿದ ಶೀಟಿನಲ್ಲಿ ಬೇರೆ, ಫೋಟೋಗಳು ಡ್ರೈವಿನ ಇನ್ನೊಂದು ಫೋಲ್ಡರಿನಲ್ಲಿ ಇರುತ್ತವೆ. ಮೂರನ್ನೂ ತೆಗೆದು, ಡ್ರೈವಿನ ಟ್ರ್ಯಾಷನ್ನೂ ಖಾಲಿ ಮಾಡಿ, ಇಲ್ಲವಾದರೆ 30 ದಿನ ಅಲ್ಲೇ ಬಿದ್ದಿರುತ್ತವೆ. ಯಾರ ಫೋನಿಗಾದರೂ ಡೌನ್‌ಲೋಡ್ ಆಗಿದ್ದರೆ ಗ್ಯಾಲರಿ ಮತ್ತು ಗೂಗಲ್ ಫೋಟೋಸ್ ಬ್ಯಾಕಪ್ ಎರಡನ್ನೂ ನೋಡಿ. ಅಳಿಸಿದ ಮೇಲೆ ಗ್ರೂಪಿನಲ್ಲಿ ಅದನ್ನು ಬರೆದು ಹಾಕಿ, ನಿಮ್ಮ ಹೆಸರಿನಲ್ಲಿ.