ಲಿಮೋಜ್ ಕ್ಲಬ್ಬಿನ ಏಣಿ, ನಮ್ಮೂರಿನ ಅಟ್ಟ

ಫ್ರಾನ್ಸಿನ ಲಿಮೋಜ್ ನಗರಕ್ಕೆ ನಾನು ಬಂದದ್ದು ಪಿಂಗಾಣಿಯ ಋಣದಿಂದಲೇ ಹೊರತು ಬಾಸ್ಕೆಟ್‌ಬಾಲ್ ಹುಚ್ಚಿನಿಂದಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಬಳಿಯ ಪಿಂಗಾಣಿ ಕಾರ್ಖಾನೆಯಲ್ಲಿ ನಮ್ಮ ತಂದೆ ವಿದ್ಯುತ್ ಇನ್ಸುಲೇಟರ್ ತಯಾರಿಸುವ ವಿಭಾಗದಲ್ಲಿದ್ದರು. ಅದೇ ಮಣ್ಣಿನ ವಿದ್ಯೆಯ ಬೆನ್ನುಹತ್ತಿದ ನಾನು, 1768ರಲ್ಲಿ ಹತ್ತಿರದ ಸ್ಯಾಂತಿರಿಯೆಯಲ್ಲಿ ಬಿಳಿಜೇಡಿ ಸಿಕ್ಕಿದಂದಿನಿಂದ ಪಿಂಗಾಣಿಗೆ ಹೆಸರಾದ ಈ ಊರಿನ ಪ್ರಯೋಗಾಲಯವೊಂದಕ್ಕೆ ಬಂದು ಸೇರಿದೆ. ಇಲ್ಲಿಯವರು ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆಯನ್ನು ಮಗುಚಿ, ಬುಡದಲ್ಲಿ ಯಾವ ಕಾರ್ಖಾನೆಯ ಮುದ್ರೆಯಿದೆ ಎಂದು ನೋಡದೆ ಇರಲಾರರು. ತಟ್ಟೆಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತ ಮೂವತ್ತು ವರ್ಷ ದುಡಿದು ನಿವೃತ್ತರಾದ ನಮ್ಮ ನೆರೆಮನೆಯ ಹಿರಿಯ ಮಹಿಳೆ, ಹೀಗೆ ಮಗುಚಿದ ತಟ್ಟೆಯನ್ನು ಸರಿಪಡಿಸಿಡುತ್ತಲೇ ನನ್ನನ್ನು ಮೊದಲ ಬಾರಿಗೆ ಕೇಳಿದ ಪ್ರಶ್ನೆ ನನ್ನ ದೇಶದ ಬಗೆಗಾಗಲಿ, ಊಟದ ಬಗೆಗಾಗಲಿ ಇರಲಿಲ್ಲ: "ಶನಿವಾರ ಬೋಬ್ಲಾಂಗೆ ಬರುತ್ತೀರಾ?"

ಬೋಬ್ಲಾಂ ಎಂದರೆ ನಗರಸಭೆಯ ಒಳಾಂಗಣ ಕ್ರೀಡಾಂಗಣ. ಸುಮಾರು ಐದೂವರೆ ಸಾವಿರ ಆಸನಗಳಿರುವ, ಹೊರಗಿನಿಂದ ನೋಡಿದರೆ ಗೋದಾಮಿನಂತೆ ಕಾಣುವ ಕಟ್ಟಡ. ಸುಮಾರು ಒಂದು ಲಕ್ಷ ಮೂವತ್ತು ಸಾವಿರ ಜನರ ಈ ಊರಿನಲ್ಲಿ ಪಂದ್ಯದ ದಿನ ಆ ಕಡೆ ಹೋಗುವ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಅಲ್ಲಿ ಆಡುವ ಬಾಸ್ಕೆಟ್‌ಬಾಲ್ ತಂಡದ ಪೂರ್ಣ ಹೆಸರು ಸೆರ್ಕ್ಲ್ ಸ್ಯಾಂ-ಪಿಯೆರ್, ಅಂದರೆ ಸಂತ ಪೇತ್ರರ ಬಳಗ. ಊರಿನವರ ಬಾಯಲ್ಲಿ ಅದು ಬರೀ ಸಿಎಸ್‌ಪಿ.

1929ರಲ್ಲಿ ಒಂದು ಚರ್ಚಿನ ಆಶ್ರಯದಲ್ಲಿ, ಆ ಕೇರಿಯ ಹುಡುಗರಿಗಾಗಿ ಹುಟ್ಟಿದ ಕ್ಲಬ್ ಇದು. ಹುಡುಗರು ಹೆಂಡದಂಗಡಿಯ ದಾರಿ ಹಿಡಿಯದಿರಲಿ ಎಂದು ಫ್ರಾನ್ಸಿನ ಪಾದ್ರಿಗಳು ಊರೂರಿನಲ್ಲಿ ಇಂಥ ಬಳಗಗಳನ್ನು ನಡೆಸುತ್ತಿದ್ದರು. ನಮ್ಮ ಗರಡಿಮನೆಯಲ್ಲಿ ಹನುಮಂತನ ಗೂಡು ಇರುವಂತೆ ಇವರ ಆಟದ ಅಂಗಳಕ್ಕೂ ಒಬ್ಬ ಸಂತನ ಹೆಸರಿರುತ್ತಿತ್ತು. ಆದರೆ ಲಿಮೋಜ್ ಕೆಂಪು ಊರು. ಫ್ರಾನ್ಸಿನ ದೊಡ್ಡ ಕಾರ್ಮಿಕ ಒಕ್ಕೂಟವಾದ ಸಿಜಿಟಿ 1895ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ, ಮತ್ತು 1912ರಿಂದ 2014ರವರೆಗೆ ನಗರಸಭೆ ಬಹುಮಟ್ಟಿಗೆ ಎಡಪಂಥೀಯರ ಕೈಯಲ್ಲಿಯೇ ಇತ್ತು. ಚರ್ಚಿನ ಮಗುವನ್ನು ಸಮಾಜವಾದಿ ನಗರಸಭೆ ತನ್ನ ಕ್ರೀಡಾಂಗಣದಲ್ಲಿ ಸಾಕಿತು. ಊರಿನ ತಂಡ ಎಂಬ ಮಾತು ಬಂದಾಗ ದೇವರನ್ನು ನಂಬುವವರೂ ನಂಬದವರೂ ಒಂದೇ ಬೆಂಚಿನ ಮೇಲೆ ಕುಳಿತರು ಎಂಬುದು ನನಗೆ ಈ ಕ್ಲಬ್ಬಿನ ಯಾವ ಕಪ್ಪಿಗಿಂತಲೂ ದೊಡ್ಡ ಗೆಲುವಾಗಿ ಕಾಣುತ್ತದೆ.

ಕಪ್ಪುಗಳೇನೂ ಕಡಿಮೆಯಿಲ್ಲ. 1982 ಮತ್ತು 1983ರಲ್ಲಿ, ಎರಡೂ ಸಲ ಯುವಕ ದ್ರಾಜೆನ್ ಪೆತ್ರೋವಿಚ್ ಆಡುತ್ತಿದ್ದ ಶಿಬೆಂಕಾ ತಂಡವನ್ನು ಸೋಲಿಸಿ, ಸಿಎಸ್‌ಪಿ ಯುರೋಪಿನ ಕೊರಾಚ್ ಕಪ್ ಗೆದ್ದಿತು. 1988ರಲ್ಲಿ ಯುರೋಪಿನ ಕಪ್ ವಿಜೇತರ ಕಪ್ಪೂ ಬಂತು. ಆದರೆ ನೆರೆಮನೆಯ ಮದಾಂ ಲೆಕ್ಕವಿಡುವುದು ಒಂದೇ ವರ್ಷದಿಂದ, ಅದು 1993. ಆ ಏಪ್ರಿಲ್‌ನಲ್ಲಿ ಅಥೆನ್ಸಿನಲ್ಲಿ ನಡೆದ, ಯುರೋಪಿನ ಅತ್ಯುನ್ನತ ಕಪ್ಪಿನ ಅಂತಿಮ ನಾಲ್ವರ ಸುತ್ತಿಗೆ ಹೋದಾಗ ಲಿಮೋಜ್ ಗೆಲ್ಲುತ್ತದೆ ಎಂದವರು ವಿರಳ. ಸೆಮಿಫೈನಲ್‌ನಲ್ಲಿ ದೈತ್ಯ ಆಟಗಾರ ಸಾಬೋನಿಸ್ ಇದ್ದ ರಿಯಲ್ ಮ್ಯಾಡ್ರಿಡ್ ತಂಡವನ್ನು 62–52ರಿಂದ ಮಣಿಸಿದರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಟೋನಿ ಕುಕೋಚ್ ಆಡುತ್ತಿದ್ದ ಇಟಲಿಯ ಬೆನೆಟನ್ ಟ್ರೆವಿಸೊ.

ತರಬೇತುದಾರ ಬೋಜಿದಾರ್ ಮಾಲ್ಕೋವಿಚ್ ಅವರ ಉಪಾಯ ಸರಳವಾಗಿತ್ತು, ನೋಡಲು ಮಾತ್ರ ಚೆಂದವಿರಲಿಲ್ಲ. ತಮ್ಮ ಬಳಿ ಚೆಂಡಿದ್ದಾಗ ಗಡಿಯಾರದ ಕೊನೆಯ ಸೆಕೆಂಡುಗಳವರೆಗೆ ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಕಾಲ ಕಳೆಯುವುದು. ಚೆಂಡು ಎದುರಾಳಿಯ ಕೈಗೆ ಹೋದ ಕೂಡಲೇ ಐವರೂ ಅವನ ಉಸಿರು ಕಟ್ಟಿಸುವುದು. ರಣಜಿ ಪಂದ್ಯದಲ್ಲಿ ಡ್ರಾಗಾಗಿ ದಿನವಿಡೀ ಕಟ್ಟೆ ಕಟ್ಟಿ ನಿಂತ ಬ್ಯಾಟ್ಸ್‌ಮನ್‌ನನ್ನು ನೋಡಿದವರಿಗೆ ಈ ಆಟದ ಮರ್ಮ ಬೇಗ ಅರ್ಥವಾದೀತು. ವಿರಾಮದ ವೇಳೆಗೆ ಹಿಂದಿದ್ದ ಲಿಮೋಜ್ ಕೊನೆಗೆ 59–55ರಿಂದ ಗೆದ್ದಿತು. ಅಂತಿಮ ಕ್ಷಣಗಳಲ್ಲಿ, ಅಂತರ ಎರಡೇ ಅಂಕಗಳಿದ್ದಾಗ, ಎರಡು ಮೀಟರಿಗೂ ಮಿಕ್ಕಿ ಎತ್ತರವಿದ್ದ ಕುಕೋಚ್ ಕೈಯಿಂದ ಚೆಂಡನ್ನು ಕಸಿದವನು ಅಂಕಣದಲ್ಲಿದ್ದವರ ಪೈಕಿ ಗಿಡ್ಡನಾದ, ಇಪ್ಪತ್ತಮೂರು ವರ್ಷದ ಫ್ರೆಡೆರಿಕ್ ಫೋರ್ಟ್. ತಂಡಗಳಾಗಿ ಆಡುವ ಕ್ರೀಡೆಗಳಲ್ಲಿ ಯುರೋಪಿನ ಅತ್ಯುನ್ನತ ಕಪ್ಪನ್ನು ಫ್ರಾನ್ಸಿಗೆ ಮೊದಲು ತಂದ ಕ್ಲಬ್ ಎಂದು ಇಲ್ಲಿಯವರು ಸಿಎಸ್‌ಪಿಯನ್ನೇ ಎಣಿಸುತ್ತಾರೆ. ಮಾರ್ಸೇಯಿನ ಫುಟ್‌ಬಾಲ್ ತಂಡ ಗೆದ್ದದ್ದು ಅದಾದ ಆರು ವಾರಗಳ ಬಳಿಕ. ಈ ಆರು ವಾರಗಳನ್ನು ಮದಾಂ ಮಾತಿನಲ್ಲಿ ಎಂದೂ ಬಿಟ್ಟುಕೊಡುವುದಿಲ್ಲ.

ನಾನು ಹೇಳಹೊರಟಿರುವ ವಿಷಯ ಇಲ್ಲಿಂದ ಮುಂದಿನದು. 2000ನೆಯ ಇಸವಿಯಲ್ಲಿ ದುಶ್ಕೋ ಇವನೋವಿಚ್ ತರಬೇತಿಯಲ್ಲಿ ಸಿಎಸ್‌ಪಿ ಒಂದೇ ಋತುವಿನಲ್ಲಿ ಫ್ರೆಂಚ್ ಚಾಂಪಿಯನ್ ಪಟ್ಟ, ಫ್ರೆಂಚ್ ಕಪ್ ಮತ್ತು ಕೊರಾಚ್ ಕಪ್ ಮೂರನ್ನೂ ಗೆದ್ದಿತು. ಅದೇ ಬೇಸಿಗೆಯಲ್ಲಿ ಅದನ್ನು ಎರಡನೆಯ ವಿಭಾಗಕ್ಕೆ ಇಳಿಸಲಾಯಿತು. ಕಾರಣ, ಕ್ಲಬ್ಬಿನ ಲೆಕ್ಕಪತ್ರ. ಫ್ರಾನ್ಸಿನಲ್ಲಿ ವೃತ್ತಿಪರ ಕ್ಲಬ್ಬುಗಳ ಆಯವ್ಯಯವನ್ನು ಪರಿಶೀಲಿಸುವ ಹಣಕಾಸು ಮಂಡಳಿಯೊಂದಿದೆ. ಸಾಲ ಮಿತಿಮೀರಿದರೆ ಎಷ್ಟು ಕಪ್ ಗೆದ್ದಿದ್ದರೂ ಅದು ಹಿಂಬಡ್ತಿ ಕೊಡುತ್ತದೆ. 2004ರಲ್ಲಂತೂ ಕ್ಲಬ್ ಪೂರ್ತಿ ದಿವಾಳಿಯೆದ್ದು, ವೃತ್ತಿಪರ ಸ್ಥಾನವನ್ನೇ ಕಳೆದುಕೊಂಡು ಮೂರನೆಯ ವಿಭಾಗಕ್ಕೆ ಬಿದ್ದಿತು. ಆಡಳಿತದವರ ದುಂದುಗಾರಿಕೆಯನ್ನು ಇಲ್ಲಿ ಯಾರೂ ಮುಚ್ಚಿಡುವುದಿಲ್ಲವಾದ್ದರಿಂದ, ಫ್ರೆಂಚರ ಪದ್ಧತಿಯೆಲ್ಲ ಹೊನ್ನು ಎಂದು ನಾನೂ ಹೇಳಲಾರೆ.

ಆದರೆ ಬಿದ್ದದ್ದಕ್ಕೆ ಒಂದು ನೆಲವಿತ್ತು. 1901ರ ಸಂಘಗಳ ಕಾನೂನಿನಡಿ ಪ್ರತಿ ವೃತ್ತಿಪರ ತಂಡದ ಬುಡದಲ್ಲಿಯೂ ಮಕ್ಕಳನ್ನು, ಹವ್ಯಾಸಿಗಳನ್ನು ಆಡಿಸುವ ಒಂದು ಸಂಘವಿರುತ್ತದೆ. ಮೇಲಿನ ಕಂಪನಿ ಮುಳುಗಿದರೂ ಸಂಘ ಮುಳುಗಬೇಕೆಂದಿಲ್ಲ. ಹೀಗೆ ಉಳಿದ ಬುಡದ ಮೇಲೆ ಹೊಸ ಸಿಎಸ್‌ಪಿ ಕಟ್ಟಲು ಅಧ್ಯಕ್ಷನಾಗಿ ಬಂದವನು ಬೇರಾರೂ ಅಲ್ಲ, ಅಥೆನ್ಸಿನಲ್ಲಿ ಚೆಂಡು ಕಸಿದ ಅದೇ ಫೋರ್ಟ್. ಸಣ್ಣ ಸಣ್ಣ ಊರುಗಳ ತಂಡಗಳು ಆಡುವ ಮೂರನೆಯ ವಿಭಾಗದ ಪಂದ್ಯಗಳಿಗೂ ಬೋಬ್ಲಾಂನಲ್ಲಿ ಸಾವಿರಾರು ಜನ ಸೇರಿದರು. ಮದಾಂ ಆ ವರ್ಷದ ಋತು ಪಾಸನ್ನು ಅಡುಗೆಮನೆಯ ಕಪಾಟಿನಲ್ಲಿ, ಚಿನ್ನದ ಅಂಚಿನ ಒಳ್ಳೆಯ ತಟ್ಟೆಗಳ ನಡುವೆ ಇಟ್ಟಿದ್ದಾರೆ. 1993ರದು ಎಲ್ಲಿದೆಯೋ ಅವರಿಗೇ ನೆನಪಿಲ್ಲ. ಮೇಲೇರಿ, ಮತ್ತೆ ಜಾರಿ, ಪುನಃ ಏರಿದ ತಂಡ 2014 ಮತ್ತು 2015ರಲ್ಲಿ ಫ್ರಾನ್ಸಿನ ಚಾಂಪಿಯನ್ ಆಯಿತು. ಫೋರ್ಟ್ 2017ರ ಡಿಸೆಂಬರ್ 31ರಂದು, ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು.

ಒಮ್ಮೆ ಮದಾಂ ನನ್ನನ್ನು, "ನಿಮ್ಮೂರಿನ ತಂಡ ಯಾವುದು?" ಎಂದು ಕೇಳಿದರು. ಹುಡುಗನಾಗಿದ್ದಾಗ ನಾನು ಚಪ್ಪಾಳೆ ತಟ್ಟುತ್ತಿದ್ದದ್ದು ವಿಜಯಾ ಬ್ಯಾಂಕ್ ತಂಡಕ್ಕೆ, ಹಾಗೆಯೇ ಹೇಳಿದೆ. ನಾನು ಖಾತೆ ತೆರೆದಿರುವ ಬ್ಯಾಂಕಿನ ವಿಷಯ ಹೇಳುತ್ತಿದ್ದೇನೆಂದು ತಿಳಿದು ಅವರು ಪ್ರಶ್ನೆಯನ್ನು ಮತ್ತೊಮ್ಮೆ, ನಿಧಾನವಾಗಿ ಕೇಳಿದರು. ಆ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಆಟಗಾರರ ನೌಕರಿ ಉಳಿಯಿತು, ತಂಡದ ಹೆಸರು ಹೋಯಿತು. ಇದನ್ನು ಬರೀ ಕೊರಗಾಗಿ ನೋಡುವುದೂ ತಪ್ಪು. ಒಂದು ಋತುವಿನ ಕರಾರಿನ ಮೇಲೆ ಬೋಬ್ಲಾಂಗೆ ಬಂದು, ಮೊಣಕಾಲು ಕೈಕೊಟ್ಟ ಕೂಡಲೇ ಗಂಟುಮೂಟೆ ಕಟ್ಟುವ ಆಟಗಾರರನ್ನು ನೋಡುವಾಗ, ಅರವತ್ತರವರೆಗೆ ಸಂಬಳ ಕೊಡುವ ನಮ್ಮ ಬ್ಯಾಂಕು, ರೈಲ್ವೆಗಳ ಕ್ರೀಡಾ ಕೋಟಾದ ಬೆಲೆ ತಿಳಿಯುತ್ತದೆ. ಅವರ ವ್ಯವಸ್ಥೆ ಕ್ಲಬ್ಬನ್ನು ಕಾಯುತ್ತದೆ, ನಮ್ಮದು ಆಟಗಾರನನ್ನು. ಪ್ರೇಕ್ಷಕನನ್ನು ಕಾಯುವವರು ನಮ್ಮಲ್ಲಿ ಯಾರೂ ಇಲ್ಲ.

ಕ್ಲಬ್ಬುಗಳೇ ಇಲ್ಲವೆಂದಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಸಂಜೆ ದೀಪ ಹಾಕಿಕೊಂಡು ಸಿಮೆಂಟಿನ ಅಂಕಣದಲ್ಲಿ ಹುಡುಗರನ್ನು ಬೆವರಿಳಿಸುವ ಹಿರಿಯರಿದ್ದಾರೆ. ಫುಟ್‌ಬಾಲಿನಲ್ಲಿ ಸೂಪರ್ ಡಿವಿಷನ್, ಎ, ಬಿ, ಸಿ ಎಂದು ಹತ್ತಿ ಇಳಿಯುವ ಮೆಟ್ಟಿಲುಗಳೂ ಇವೆ. ತೊಂದರೆ ಇಷ್ಟೇ: ನಮ್ಮ ಏಣಿ ಅಟ್ಟಕ್ಕೆ ತಲುಪುವುದು ಅಪರೂಪ. ಅಟ್ಟದಲ್ಲಿ ಕೂತವರಲ್ಲಿ ಹೆಚ್ಚಿನವರು ಬೇರೆ ಬಾಗಿಲಿನಿಂದ, ಹಣ ಕೊಟ್ಟು ಬಂದವರು. 2015ರಲ್ಲಿ ಆರಂಭವಾದ ಯುಬಿಎ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. 2017ರ ನಂತರ ಲೀಗು ನಡೆಯಲಿಲ್ಲ, ತಂಡವೂ ಇಲ್ಲವಾಯಿತು. ಅದು ಕೆಳಗಿನ ವಿಭಾಗಕ್ಕೆ ಇಳಿದು ಬಡಾವಣೆಯ ಅಂಕಣದಲ್ಲಿ ಆಡಬಹುದಿತ್ತು ಎಂಬ ಯೋಚನೆಗೆ ಎಡೆಯೇ ಇರಲಿಲ್ಲ, ಏಕೆಂದರೆ ಅದರ ಬುಡದಲ್ಲಿ ಯಾವ ಬಡಾವಣೆಯೂ ಇರಲಿಲ್ಲ.

ಆದ್ದರಿಂದ ಮುಂದೆ ಯಾರಾದರೂ ಉದ್ಯಮಿ ಬೆಂಗಳೂರಿನ ಹೆಸರಿನಲ್ಲಿ ಬಾಸ್ಕೆಟ್‌ಬಾಲ್ ತಂಡ ಕೊಳ್ಳಲು ಬಂದರೆ, ಹೊಸ ಹುಲಿಯನ್ನೋ ಸಿಂಹವನ್ನೋ ಹುಟ್ಟಿಸಲು ಬಿಡದೆ, ಐವತ್ತು ವರ್ಷಗಳಿಂದ ಹುಡುಗರನ್ನು ಆಡಿಸುತ್ತಿರುವ ಒಂದು ಬಡಾವಣೆ ಕ್ಲಬ್ಬಿನ ಮೇಲೆಯೇ ತಂಡ ಕಟ್ಟಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಲಿ. ಕಂಪನಿ ಕೈಬಿಟ್ಟ ದಿನ ಹೆಸರು, ಸಮವಸ್ತ್ರದ ಬಣ್ಣ, ಕಪ್ಪುಗಳು ಎಲ್ಲವೂ ಆ ಕ್ಲಬ್ಬಿಗೇ ಮರಳಬೇಕೆಂದೂ ಬರೆಸಲಿ. ಈ ವಿಚಾರವನ್ನು ಮದಾಂಗೆ ವಿವರಿಸಿದಾಗ ಅವರು ತಲೆಯಾಡಿಸಿ, ಆ ಕ್ಲಬ್ಬಿನ ಹೆಸರೇನು, ಋತು ಪಾಸಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ನಾನು ಆಡಿ ಬೆಳೆದ ಕ್ಲಬ್ಬಿನ ಹೆಸರು ಹೇಳಿದೆ. ಅಲ್ಲಿ ಪಾಸು ಇಲ್ಲ, ಕಾಂಪೌಂಡ್ ಗೋಡೆಯ ಮೇಲೆ ಕೂತು ನೋಡಬಹುದು ಎಂದೆ.