ದಡಾರಕ್ಕೆ ಓಟಿಪಿ ಬೇಡ

ಮೊನ್ನೆ ನಮ್ಮ ಬೀದಿಯ ಆಶಾ ಅಕ್ಕ ಪಕ್ಕದ ಮನೆ ಜಗಲಿಯಲ್ಲಿ ಮುಕ್ಕಾಲು ಗಂಟೆ ಕೂತಿದ್ದರು. ಮಗುವಿಗೆ 9 ತಿಂಗಳು ತುಂಬಿದೆ, ದಡಾರ-ರುಬೆಲ್ಲಾ ಚುಚ್ಚುಮದ್ದಿನ ಸಮಯ. ಮಗು ರೆಡಿ, ತಾಯಿ ಕಾರ್ಡ್ ರೆಡಿ. ಆನ್‌ಲೈನಿನಲ್ಲಿ ಹೆಸರು ಏರಿಸಲು ಓಟಿಪಿ ಮಾತ್ರ ಇಲ್ಲ. ಅದು ಬರುವ ಫೋನು ಗಂಡನ ಜೇಬಿನಲ್ಲಿ, ಗಂಡ ಆಟೋದಲ್ಲಿ, ಆಟೋ ಎಲ್ಲೋ ಟ್ರಾಫಿಕ್ಕಿನಲ್ಲಿ. ಕೇಳಿದರೆ, "ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರೇ ಹೇಳಿದಾರೆ ಕಣೇ" ಅಂದನಂತೆ. ಎಂಥಾ ಜಾಗೃತ ನಾಗರಿಕ!

ವೈರಸ್ಸಿಗೆ ಈ ರಗಳೆ ಇಲ್ಲ ನೋಡಿ. ಲಸಿಕೆ ಇಲ್ಲದವರ ನಡುವೆ ದಡಾರ ಬಂದ ಒಂದು ಮಗುವಿದ್ದರೆ 12ರಿಂದ 18 ಜನಕ್ಕೆ ಹಂಚುತ್ತದೆ. ಮಗು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ಸು 2 ಗಂಟೆಯವರೆಗೂ ಕಾದಿರುತ್ತದೆ. ಅಷ್ಟು ತಾಳ್ಮೆ ನಮ್ಮ ಆ್ಯಪಿಗೆ ಎಲ್ಲಿದೆ, ಎರಡೇ ನಿಮಿಷಕ್ಕೆ ಲಾಗೌಟ್.

ಹರಡುವುದರಲ್ಲಿ ದಡಾರವನ್ನೂ ಮೀರಿಸಿದ್ದು ವಾಟ್ಸಾಪ್. 2017ರ ಫೆಬ್ರವರಿ ನೆನಪಿದೆ ಅಲ್ವಾ? ಇದೇ ಲಸಿಕೆಯ ಅಭಿಯಾನ, 9 ತಿಂಗಳು ತುಂಬಿದ, 15 ವರ್ಷದೊಳಗಿನ ಮಕ್ಕಳಿಗೆಲ್ಲ. "ಚುಚ್ಚಿಸಿದರೆ ಮುಂದೆ ಮಕ್ಕಳಾಗಲ್ಲ" ಅಂತ ಫಾರ್ವರ್ಡ್ ಬಂತು. ನಮ್ಮ ದೊಡ್ಡಮ್ಮ ಅದನ್ನು ಗುಡ್ ಮಾರ್ನಿಂಗ್ ಗುಲಾಬಿಗೂ ಹಾಗಲಕಾಯಿ ರಸದ ಮಹಿಮೆಗೂ ಮಧ್ಯೆ ಇಟ್ಟು, ಮೂರನ್ನೂ ಒಂದೇ ಭಕ್ತಿಯಿಂದ ಕಳಿಸಿದ್ದರು. ಆಮೇಲೆ ಮೊಮ್ಮಗನಿಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆ ಎದ್ದಾಗ "ಅಮ್ಮ ಬಂದಿದ್ದಾಳೆ, ಸುಮ್ನಿರಿ" ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಜ್ವರದ ಜೊತೆ ಗುಳ್ಳೆ ಎದ್ದರೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಹೋಗಬೇಕು. ಸಾಕ್ಷಾತ್ ದೇವಿಯನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು? ಕೊನೆಗೆ ಆಶಾ ಅಕ್ಕ ಬಂದದ್ದು ಆ ಸೊಪ್ಪು ನೋಡಿಯೇ. ದಾರಿಯಲ್ಲಿ ಹೋಗುತ್ತಿದ್ದವರು ಚಪ್ಪಲಿ ಬಿಟ್ಟು ಒಳಗೆ ಬಂದು, ಹುಡುಗನ ಕಿವಿಯ ಹಿಂದೆ ನೋಡಿ, ಬುಕ್ಕಿನಲ್ಲಿ ಬರೆದುಕೊಂಡರು. ನೆಟ್‌ವರ್ಕ್ ಬೇಕಾಗಲಿಲ್ಲ.

ಇಂಥವರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ರಾತ್ರಿ ಕಳೆದ ಮೇಲೆ ತಿಂಗಳಿಗೆ 10 ಸಾವಿರ ರೂಪಾಯಿ ಗೌರವಧನದ ಭರವಸೆ ಸಿಕ್ಕಿತು. ಪೋರ್ಟಲ್ಲಿನಲ್ಲಿ ಎಂಟ್ರಿ ಕಾಣದಿದ್ದರೆ ಮಾಡಿದ ಕೆಲಸದ ದುಡ್ಡೂ ಬರುವುದಿಲ್ಲ ಅನ್ನುವುದು ಅವರ ಹಳೇ ಗೋಳು. ಇಲ್ಲಿ ನನಗೆ ತಮಾಷೆ ಮಾಡಲು ಆಗುತ್ತಿಲ್ಲ. ಬಿಸಿಲಲ್ಲಿ ತಿರುಗುವುದು ಅವರು, ಮನೆಮನೆಯಲ್ಲಿ ಬೈಸಿಕೊಳ್ಳುವುದು ಅವರು, ಎಸಿ ರೂಮಿನಲ್ಲಿ ಶೇಕಡಾವಾರು ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುವುದು ಬೇರೆಯವರು. ನಾಚಿಕೆ ಆಗಬೇಕು.

ಅಂದಹಾಗೆ, ಪಕ್ಕದ ಮನೆಯಾತ ಸಂಜೆ ಬಂದು ಓಟಿಪಿ ಹೇಳಲು ಒಪ್ಪಿದ. ಅಷ್ಟೊತ್ತಿಗೆ ಸರ್ವರ್ ಡೌನ್.