ಹಲ್ಲಿ ಮೆಚ್ಚಿದ ರೇಡಿಯೋ

ಅಟ್ಟದಿಂದ ಇಳಿಸಿದ, ಗಾಜಿನ ಬುರುಡೆಯಂಥ ವಾಲ್ವುಗಳಿರುವ ಹಳೇ ರೇಡಿಯೋ ಮಾಡಿದ ಮೊದಲ ಸದ್ದು ಹಲ್ಲಿಯದು. ಲೊಚಗುಟ್ಟಿ ಹಿಂದಿನ ತೂತಿನಿಂದ ಓಡಿಹೋಯಿತು. ಒಳಗೆ ಎರಡು ಮೊಟ್ಟೆ, ಒಂದು ಬಳಪದ ಚೂರು, ಜೊತೆಗೆ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಮಾಡಿಸುತ್ತಿದ್ದ ರೇಡಿಯೋ ಲೈಸೆನ್ಸ್ ಪುಸ್ತಕ. ಅಪ್ಪ ಅದನ್ನು ತಿರುವಿ ನೋಡಿ, "ಒಂದು ವರ್ಷದ್ದು ಕಟ್ಟೇ ಇಲ್ಲ ಕಣೋ, ಯಾರಿಗೂ ಹೇಳ್ಬೇಡ" ಎಂದರು.

"ಒಳಗಿನದ್ದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸಿ ಮಾವ" ಎಂದ ಅಳಿಯ. ನನಗೆ ಸಿಟ್ಟು ಬಂತು. ಎಲ್ಲವೂ ಒರಿಜಿನಲ್ ಆಗಿಯೇ ಇರಬೇಕು ಅಂತ ಅವತ್ತೇ ಹಟ ಹಿಡಿದೆ.

ಮಾರನೇ ದಿನವೇ ಡಯಲ್ ಗಾಜನ್ನು ಸೋಪಿನ ನೀರಲ್ಲಿ ಒರೆಸಿದೆ. ಸ್ಟೇಷನ್ ಹೆಸರುಗಳನ್ನು ಗಾಜಿನ ಹಿಂಬದಿಗೆ ಅಚ್ಚು ಹಾಕಿರುತ್ತಾರೆ, ಆ ಬಣ್ಣಕ್ಕೆ ನೀರು ತಾಕಿಸಲೇಬಾರದು. ಇದು ನನಗೆ ಗೊತ್ತಾಗುವ ಹೊತ್ತಿಗೆ ಕೊಲಂಬೊ ಬಟ್ಟೆಯ ಮೇಲಿತ್ತು. ದೆಹಲಿಯಲ್ಲಿ ಬರೀ 'ದೆ' ಉಳಿದಿತ್ತು.

ಇನ್ನು ಕೆಪ್ಯಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಪುಟ್ಟ ಬಿಡಿಭಾಗ. ಹಳೆಯ ಸೆಟ್ಟುಗಳಲ್ಲಿ ಮೇಣ ಹಾಕಿದ ಕಾಗದದ ಕೆಪ್ಯಾಸಿಟರ್ ಇರುತ್ತವೆ. ವಯಸ್ಸಾದ ಮೇಲೆ ಅವು ಸೋರುತ್ತವೆ, ಅಂದರೆ ತಡೆಯಬೇಕಾದ ಕರೆಂಟನ್ನು ಒಳಗೆ ಬಿಡುತ್ತವೆ. ಸ್ಪೀಕರಿಗೆ ಸದ್ದು ಕಳಿಸುವ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ, ಅಂದರೆ ಅದರ ಕರೆಂಟನ್ನು ಹದ್ದಿನಲ್ಲಿಡುವ ಜಾಲರಿಗೆ, ಹೋಗುವ ಒಂದು ಸೋರಿದರೂ ಸಾಕು, ವಾಲ್ವ್ ಕಾದು ಒಳಗಿನ ತಗಡು ಕೆಂಪಗಾಗುತ್ತದೆ. ಬದಲಾಯಿಸದೆ ಗತಿಯಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿನಲ್ಲಿ ಸಿಕ್ಕ ಹೊಸವು ಹಳದಿ ಬಣ್ಣದವು, ಕಡಲೆಬೀಜದಷ್ಟು. ಅವನ್ನು ಹಾಗೇ ಬೆಸೆದರೆ ನನ್ನ ಹಟದ ಕತೆ ಏನು? ಅದಕ್ಕೇ ಹಳೆಯದರ ರಟ್ಟಿನ ಕೊಳವೆಗೆ ಹೆಂಡತಿಯ ಹೇರ್ ಡ್ರೈಯರ್ ಹಿಡಿದು, ಹೊಟ್ಟೆಯಲ್ಲಿದ್ದದ್ದನ್ನು ತಳ್ಳಿ ತೆಗೆದು, ಹೊಸದನ್ನು ತುರುಕಿ, ಎರಡೂ ಬಾಯಿಗೆ ಮೇಣದಬತ್ತಿ ಕರಗಿಸಿ ಹಾಕಿದೆ. ಹನ್ನೊಂದು ಕೆಪ್ಯಾಸಿಟರ್, ಮೂರು ಭಾನುವಾರ. ಹೇರ್ ಡ್ರೈಯರಿಗೆ ಇವತ್ತಿಗೂ ಚರ್ಚಿನ ವಾಸನೆ.

"ಹಿಂದಿನ ರಟ್ಟು ಮುಚ್ಚಿದ ಮೇಲೆ ಯಾರು ನೋಡ್ತಾರೆ?" ಎಂದಳು ಹೆಂಡತಿ.

"ಹಲ್ಲಿ ನೋಡುತ್ತೆ" ಎಂದೆ. ಅವಳು ಮಾತಾಡಲಿಲ್ಲ.

ನೇರವಾಗಿ ಪ್ಲಗ್ ಹಾಕುವ ಧೈರ್ಯ ಬರಲಿಲ್ಲ. ಒಳಗೆ ಇನ್ನೂರೈವತ್ತು ವೋಲ್ಟಿನ ಹತ್ತಿರ ಓಡಾಡುತ್ತದೆ. ನೂರು ವಾಟಿನ ಹಳೇ ಗುಂಡು ಬಲ್ಬೊಂದನ್ನು ಸೀರೀಸಿನಲ್ಲಿ, ಅಂದರೆ ಕರೆಂಟು ಬಲ್ಬನ್ನು ದಾಟಿಯೇ ರೇಡಿಯೋಗೆ ಹೋಗುವ ಹಾಗೆ, ಹಾಕಿದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಧಗ್ಗೆಂದು ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ಬಲ್ಬ್ ಒಮ್ಮೆ ಹೊತ್ತಿ ಮಂದವಾಯಿತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಗುಂಯ್ ಅಂತು. ಮುಳ್ಳನ್ನು 612 ಕಿಲೋಹರ್ಟ್ಸ್ ಇರಬೇಕಾದ ಜಾಗಕ್ಕೆ ತಿರುಗಿಸಿದೆ. ಬೆಂಗಳೂರು ಸ್ಟೇಷನ್ನಿನ ಬದಲು ಹಿಟ್ಟಿನ ಗಿರಣಿ ಕೇಳಿಸಿತು.

ಎರಡು ವಾರ ರೇಡಿಯೋವನ್ನೇ ಬೈದೆ. ಕೊನೆಗೆ ಕರೆಂಟು ಹೋದ ಸಂಜೆ ಸತ್ಯ ತಿಳಿಯಿತು. ಇನ್ವರ್ಟರಿನಲ್ಲಿ ರೇಡಿಯೋ ಹಾಕಿದ್ದ ನಡುಮನೆಯ ಪ್ಲಗ್ ಮಾತ್ರ ಜೀವಂತ. ವಾರ್ತೆ ಗಂಟೆ ಹೊಡೆದ ಹಾಗೆ ಕೇಳಿಸಿತು! ಗಲಾಟೆ ಮಾಡುತ್ತಿದ್ದದ್ದು ನಮ್ಮ ಎಲ್‌ಇಡಿ ಬಲ್ಬುಗಳು, ಮೊಬೈಲ್ ಚಾರ್ಜರುಗಳು. ಅವುಗಳ ಹೊಟ್ಟೆಯಲ್ಲಿರುವ ಸರ್ಕ್ಯೂಟು, ಬೆಂಗಳೂರು ಸ್ಟೇಷನ್ ಬರುವ ಮೀಡಿಯಂ ವೇವ್ ತುಂಬ ಕಸ ಎರಚುತ್ತದೆ. ಈ ರೇಡಿಯೋ ಹುಟ್ಟಿದಾಗ ಮನೆಯಲ್ಲಿ ಅವು ಇರಲಿಲ್ಲ.

ಹೀಗಾಗಿ ಈಗ ವಾರ್ತೆಯ ಹೊತ್ತಿಗೆ ಚಾರ್ಜರ್, ವೈಫೈ, ಟ್ಯೂಬ್‌ಲೈಟ್ ಎಲ್ಲ ಬಂದ್. ಬೆಳಕಿಗೆ ಆ ಗುಂಡು ಬಲ್ಬ್ ಒಂದೇ. ಮೊನ್ನೆ ಅದರ ಕೆಳಗೆ ಪಲ್ಯ ಯಾವುದು ಚಟ್ನಿ ಯಾವುದು ಅಂತ ತಡಕಾಡುತ್ತಿದ್ದಾಗ ಹೆಂಡತಿ ಕೇಳಿದಳು, "ಫ್ರಿಜ್ಜೊಂದು ಬಾಕಿ ಇದೆ, ಅದನ್ನೂ ಆರಿಸ್ಲಾ?"

ಅಪ್ಪ ರೇಡಿಯೋದಿಂದ ಕಿವಿ ತೆಗೆಯದೆ ಹೇಳಿದರು, "ಆರಿಸಮ್ಮ, ಹವಾಮಾನ ಮುಗಿಯೋವರೆಗೆ."